ಕಮಲಾಪುರದ ಒಂದು ಸಂಜೆಗೆ 15 ಜಿಬಿ

ನಮ್ಮಲ್ಲಿ ಎಸ್‌ಡಿಆರ್ ಡಾಂಗಲ್ ತಗೊಂಡವರ ಕಥೆ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಮೊದಲನೇ ದಿನ ಎಫ್‌ಎಂ ಹಾಡು ಕೇಳ್ತಾರೆ. ಎರಡನೇ ದಿನ 1090 ಮೆಗಾಹರ್ಟ್ಸ್‌ಗೆ ತಿರುಗಿಸಿ, ತಲೆ ಮೇಲೆ ಹೋಗೋ ವಿಮಾನಗಳನ್ನ ನಕ್ಷೆ ಮೇಲೆ ಕೂರಿಸಿ, ಸ್ಕ್ರೀನ್‌ಶಾಟ್ ಹಾಕ್ತಾರೆ. ಮೂರನೇ ವಾರ ಡಾಂಗಲ್ಲು ಡ್ರಾಯರಿನೊಳಗೆ, ಹಳೇ ಚಾರ್ಜರುಗಳ ಜೊತೆ.

ತಪ್ಪೇನಿಲ್ಲ, ಆಟ ಆಡೋದಕ್ಕೇ ಅಲ್ವಾ ಇರೋದು. ಆದ್ರೆ ಕನ್ನಡ ಕನ್ನಡ ಅಂತ ದಿನಾ ಬರೆಯೋ ನಾವು ಈ ಸಾಮಾನಿನಿಂದ ಮಾಡಬಹುದಾದ ದೊಡ್ಡ ಕೆಲಸ ಒಂದಿದೆ, ಅದನ್ನ ಯಾರೂ ಮಾಡ್ತಿಲ್ಲ ಅನ್ನೋದು ನನ್ನ ತಕರಾರು. ಮೀಡಿಯಂ ವೇವ್ ಪೂರ್ತಿ ಬ್ಯಾಂಡನ್ನ ತುಂಬಿಡೋ ಕೆಲಸ. ಒಂದು ಸ್ಟೇಷನ್ ಅಲ್ಲ, ಒಂದು ಹಾಡಲ್ಲ, ಪೂರ್ತಿ ಬ್ಯಾಂಡು!

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಗೊತ್ತಿರೋರು ಒಂದೆರಡು ಪ್ಯಾರಾ ಹಾರಿಸ್ಕೊಳ್ಳಿ :-)

ಮನೇಲಿದ್ದ ಹಳೇ ಮರ್ಫಿಯೋ ಫಿಲಿಪ್ಸೋ ರೇಡಿಯೋದಲ್ಲಿ ತಿರುಗಣಿ ತಿರುಗಿಸಿದ್ರೆ ಒಳಗಿನ ಸುರುಳಿ ಮತ್ತು ಕೆಪಾಸಿಟರ್ ಸೇರಿ ಒಂದೇ ಒಂದು ಸ್ಟೇಷನ್ನನ್ನ ಒಳಗೆ ಬಿಟ್ಕೊಂಡು ಉಳಿದದ್ದನ್ನೆಲ್ಲ ಹೊರಗೆ ತಳ್ಳುತ್ತೆ. ಸಾಫ್ಟ್‌ವೇರ್ ರೇಡಿಯೋ ಹಾಗಲ್ಲ. ಅದು ಒಂದಿಷ್ಟು ಅಗಲದ ಪಟ್ಟಿಯನ್ನ ಹಾಗೇ ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಸುರಿಯುತ್ತೆ. ಸ್ಟೇಷನ್ ಆರಿಸೋದು, ದನಿ ಬಿಡಿಸೋದು, ಎಲ್ಲಾ ಆಮೇಲೆ ಪ್ರೋಗ್ರಾಮ್ ಮಾಡೋ ಲೆಕ್ಕ. ಪರದೆ ಮೇಲೆ ಆ ಪಟ್ಟಿ ಜಲಪಾತದ ಥರ ಕೆಳಗಿಳೀತಾ ಇರುತ್ತೆ, ಅದಕ್ಕೇ ವಾಟರ್‌ಫಾಲ್ ಅಂತ ಹೆಸರು. ಒಂದೊಂದು ಗೆರೆ ಒಂದೊಂದು ಸ್ಟೇಷನ್ನು.

ಇದು ದುಡ್ಡಿದ್ದವರ ಹವ್ಯಾಸ ಆಗಿತ್ತು ಮೊದಲು. 2001ರಲ್ಲಿ ಎರಿಕ್ ಬ್ಲಾಸಮ್ ಅನ್ನೋರು ಜಾನ್ ಗಿಲ್ಮೋರ್ ಅವರ ಹಣದ ನೆರವಿನಿಂದ ಗ್ನೂ ರೇಡಿಯೋ ಶುರು ಮಾಡಿದ್ರು. ಸಾಫ್ಟ್‌ವೇರ್ ಏನೋ ಬಿಟ್ಟಿ, ಅದಕ್ಕೆ ಸಿಗ್ನಲ್ ಕೊಡೋ ಯಂತ್ರ ಮಾತ್ರ ನಮ್ಮ ಕೈಗೆಟುಕದ ಬೆಲೆ. 2012ರಲ್ಲಿ ಗೊತ್ತಾಯ್ತು, ಯೂರೋಪಿನ ಡಿಜಿಟಲ್ ಟಿವಿ ನೋಡೋಕೆ ಅಂತ ಮಾಡಿದ ಅಗ್ಗದ ಯುಎಸ್‌ಬಿ ಕಡ್ಡಿಯೊಳಗಿನ ರಿಯಲ್‌ಟೆಕ್ ಚಿಪ್ಪು ಕಚ್ಚಾ ಅಂಕಿಗಳನ್ನೂ ಹೊರಗೆ ಕೊಡುತ್ತೆ ಅಂತ. ಆಂಟಿ ಪಾಲೊಸಾರಿ ಅನ್ನೋ ಲಿನಕ್ಸ್ ಡೆವಲಪರ್ ಅದನ್ನ ಗಮನಿಸಿದ್ರು, ಆಸ್ಮೋಕಾಮ್ ತಂಡದವರು ಡ್ರೈವರ್ ಬರೆದ್ರು. ಅಲ್ಲಿಂದ ಇದು ಬಡವರ ಆಟ ಆಯ್ತು. ಆರ್820ಟಿ ಟ್ಯೂನರ್ ಇರೋ ಕಡ್ಡಿ ಸುಮಾರು 24ರಿಂದ 1766 ಮೆಗಾಹರ್ಟ್ಸ್ ತನಕ ಕೇಳುತ್ತೆ. ಮೀಡಿಯಂ ವೇವ್ ಅದಕ್ಕಿಂತ ಕೆಳಗೆ ಬರುತ್ತೆ. ಅದಕ್ಕೆ ಟ್ಯೂನರನ್ನ ದಾಟಿ ನೇರ ಚಿಪ್ಪಿಗೇ ಸಿಗ್ನಲ್ ಕೊಡೋ 'ಡೈರೆಕ್ಟ್ ಸ್ಯಾಂಪ್ಲಿಂಗ್' ಇರೋ ಕಡ್ಡಿ ಬೇಕು, ಇಲ್ಲಾ ಒಂದು ಅಪ್‌ಕನ್ವರ್ಟರ್ ಬೇಕು.

ಈಗ ಅಸಲು ವಿಷಯ. ನಮ್ಮ ದೇಶದ ಮೀಡಿಯಂ ವೇವ್ ಬ್ಯಾಂಡ್ 531ರಿಂದ 1602 ಕಿಲೋಹರ್ಟ್ಸ್. 9 ಕಿಲೋಹರ್ಟ್ಸ್‌ಗೊಂದು ಮನೆ, ಒಟ್ಟು 120 ಮನೆ. ಇಡೀ ಬ್ಯಾಂಡಿನ ಅಗಲ 1 ಮೆಗಾಹರ್ಟ್ಸ್‌ಗಿಂತ ಚೂರು ಜಾಸ್ತಿ ಅಷ್ಟೇ. ನಮ್ಮ ಕಡ್ಡಿ ಒಂದೇ ಸಲಕ್ಕೆ 2 ಮೆಗಾಹರ್ಟ್ಸ್ ಅಗಲವನ್ನ ಆರಾಮಾಗಿ ನುಂಗುತ್ತೆ. ಅಂದ್ರೆ ರೆಕಾರ್ಡ್ ಬಟನ್ ಒತ್ತಿದ್ರೆ 120 ಮನೆಗಳಲ್ಲಿ ಆ ಹೊತ್ತಿಗೆ ಏನೇನು ನಡೀತಿದೆಯೋ ಅಷ್ಟೂ ಒಂದೇ ಫೈಲಿನಲ್ಲಿ ಕೂರುತ್ತೆ. ಹತ್ತು ವರ್ಷ ಬಿಟ್ಟು ಆ ಫೈಲ್ ತೆರೆದು ಧಾರವಾಡಕ್ಕೆ ತಿರುಗಿಸಿ ಕೇಳಬಹುದು, ಹಾಗೇ ಪಕ್ಕದ ಹೈದರಾಬಾದಿಗೆ ಹೋಗಬಹುದು, ಯಾವುದೂ ಅಲ್ಲದ ಕಡೆ ನಿಂತು ಬರೀ ಗೊರಗೊರ ಸದ್ದೂ ಕೇಳಬಹುದು. ಆ ದಿನ ನಾವು ಏನು ಕೇಳ್ತಿದ್ವಿ ಅನ್ನೋದು ಮುಖ್ಯವೇ ಅಲ್ಲ. ಮುಂದೆ ಕೇಳೋರು ತಮಗೆ ಬೇಕಾದ್ದನ್ನ ಆರಿಸ್ಕೋತಾರೆ. ಟೇಪ್ ರೆಕಾರ್ಡರಿಗೂ ಇದಕ್ಕೂ ಇರೋ ಫರಕು ಇಷ್ಟೇ, ಆದ್ರೆ ಇದೇನು ಸಣ್ಣ ಫರಕಲ್ಲ.

ಲೆಕ್ಕ ಬೇಕಾದ್ರೆ: ಸೆಕೆಂಡಿಗೆ 20 ಲಕ್ಷ 48 ಸಾವಿರ ಸ್ಯಾಂಪಲ್ಲು, ಒಂದೊಂದಕ್ಕೆ 2 ಬೈಟು. ಗಂಟೆಗೆ ಸುಮಾರು 14.7 ಜಿಬಿ. ಒಂದೆರಡು ದೊಡ್ಡ ಸಿನಿಮಾ ಇಳಿಸ್ಕೊಳ್ಳೋ ಜಾಗ. ಅದನ್ನ ನಾವು ಯೋಚನೆ ಮಾಡದೇ ಮಾಡ್ತೀವಿ.

"ಮೀಡಿಯಂ ವೇವ್ ಈಗ ಯಾರು ಕೇಳ್ತಾರ್ರೀ?" ಅಂತ ನೀವು ಕೇಳೇ ಕೇಳ್ತೀರಿ. ನಗರದಲ್ಲಿ ಕೂತು ಈ ಪ್ರಶ್ನೆ ಕೇಳೋದು ಸುಲಭ, ಯಾಕಂದ್ರೆ ನಗರದಲ್ಲಿ ಅದು ಕೇಳಿಸೋದೇ ಇಲ್ಲ! ಕಲಬುರಗಿಯಲ್ಲಿ, ಜೇವರ್ಗಿ ರಸ್ತೆ ಕಡೆಯ ನಮ್ಮ ಮನೇಲಿ ಕಡ್ಡಿ ಚುಚ್ಚಿ ನೋಡಿದ್ರೆ ವಾಟರ್‌ಫಾಲ್ ತುಂಬ ಅಡ್ಡಾದಿಡ್ಡಿ ಹಳದಿ ಪಟ್ಟೆಗಳು. ಒಂದು ಪಟ್ಟೆ ನಮ್ಮ ಮನೆ ಎಲ್‌ಇಡಿ ಬಲ್ಬಿನದು (ಆರಿಸಿ ನೋಡಿ ಗೊತ್ತುಮಾಡ್ಕೊಂಡೆ), ಒಂದು ಮೊಬೈಲ್ ಚಾರ್ಜರಿನದು, ಒಂದು ಎದುರು ಮನೆಯ ಇನ್ವರ್ಟರಿನದು ಇರಬೇಕು, ಅವರ ಮನೆಗೆ ಹೋಗಿ ಆರಿಸೋಕೆ ಆಗಲ್ಲವಲ್ಲ. ಇವೆಲ್ಲ ಒಳಗಡೆ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನ ಹಚ್ಚಿ ಆರಿಸೋ ಸಾಮಾನುಗಳು. ಅಗ್ಗದವುಗಳಲ್ಲಿ ಸದ್ದು ತಡೆಯೋ ಫಿಲ್ಟರ್ ಇರೋದೇ ಅಪರೂಪ, ಆ ಸದ್ದೆಲ್ಲ ವೈರಿನಗುಂಟ ಹರಿದು ಮೀಡಿಯಂ ವೇವ್ ಮೇಲೆ ಬಂದು ಕೂರುತ್ತೆ. ಇದರ ಜೊತೆ ಇನ್ನೊಂದು ತೊಂದರೆ. ನಮ್ಮ ಕಡ್ಡಿ ಬರೀ 8 ಬಿಟ್ಟಿನದು. ಊರಿನ ಪ್ರಸಾರ ಕೇಂದ್ರದ ಜೋರು ಸಿಗ್ನಲ್ ಕಿವಿಗೇ ಬಡಿದ್ರೆ ದೂರದ ಸಣ್ಣ ದನಿಗಳಿಗೆ ಜಾಗವೇ ಉಳಿಯೋಲ್ಲ.

ಕಮಲಾಪುರದ ಕಥೆ ಬೇರೆ. ನಮ್ಮೂರಿಂದ ಹುಮನಾಬಾದ್ ದಾರೀಲಿ ಮೂವತ್ತೈದು-ನಲ್ವತ್ತು ಕಿಲೋಮೀಟರು, ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. (ಅದರ ರುಚಿ ಬಗ್ಗೆ ಬೇರೆ ಪೋಸ್ಟೇ ಬರೀಬೇಕು, ಇಲ್ಲಿ ಬೇಡ.) ಊರ ಸುತ್ತ ಗುಡ್ಡ, ನಡುವೆ ತಗ್ಗು, ತಗ್ಗಿನಲ್ಲಿ ಬಾಳೆ ತೋಟ. ಹೋದ ಚಳಿಗಾಲ ಬಂಧುಗಳ ತೋಟದಲ್ಲಿ ಬೇಲಿ ಗೂಟದಿಂದ ಗೂಟಕ್ಕೆ ಇಪ್ಪತ್ತು ಮೀಟರ್ ವೈರ್ ಎಳೆದು, ಲ್ಯಾಪ್‌ಟಾಪನ್ನ ಬ್ಯಾಟರಿ ಮೇಲೇ ಇಟ್ಟು ನೋಡಿದೆ. ಕಪ್ಪು ಹಿನ್ನೆಲೆ ಮೇಲೆ ಬಾಚಣಿಗೆ ಹಲ್ಲಿನ ಥರ ಗೆರೆಗಳು! ಹೊತ್ತು ಇಳೀತಾ ಇದ್ದ ಹಾಗೆ ಒಂದೊಂದೇ ಹೊಸ ಗೆರೆ ಮೂಡ್ತಾ ಬಂತು. ಹಗಲಿನಲ್ಲಿ ವಾತಾವರಣದ ಮೇಲಿನ 'ಡಿ' ಪದರ ಮೀಡಿಯಂ ವೇವನ್ನ ಹೀರಿಬಿಡುತ್ತೆ, ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ ಅದಕ್ಕೂ ಮೇಲಿನ ಪದರಕ್ಕೆ ತಾಗಿ ದೂರದ ದನಿಗಳು ಕೆಳಗೆ ಬೀಳ್ತವೆ. ಪುಸ್ತಕದಲ್ಲಿ ಓದಿದ್ದೇ. ಆದ್ರೆ ಆ ಪದರ ಕರಗೋದನ್ನ ನಿಮಿಷ ನಿಮಿಷಕ್ಕೂ ಕಣ್ಣಲ್ಲಿ ನೋಡೋದು ಬೇರೆ. ಆರೂವರೆ ಹೊತ್ತಿಗೆ ಕನ್ನಡ, ತೆಲುಗು, ಮರಾಠಿ, ಉರ್ದು, ತಮಿಳು, ಹಿಂದಿ ಎಲ್ಲಾ ಒಂದೇ ಪರದೆ ಮೇಲೆ. ಕಲಬುರಗಿ ಸೀಮೆಯ ಮಾತು ಹೆಂಗಿದೆಯೋ ಹಂಗೇ, ಒಂದರ ಮೈಮೇಲೆ ಒಂದು.

ನಡುವೆ ಕರೆಂಟ್ ಹೋಯ್ತು. ಇದ್ದಬದ್ದ ಒಂದೆರಡು ಪಟ್ಟೆಯೂ ಮಾಯ. ಜೀವನದಲ್ಲಿ ಮೊದಲ ಸಲ ಕರೆಂಟ್ ಹೋದದ್ದಕ್ಕೆ ಖುಷಿಪಟ್ಟೆ ನೋಡಿ :-) ತೋಟ ಕಾಯೋ ಹಿರಿಯರು "ಏನ್ ಮಾಡ್ಲಾಕತ್ತೀರಿ ಸರ ಕತ್ತಲದಾಗ?" ಅಂದ್ರು. ರೇಡಿಯೋ ತುಂಬಿಸ್ಲಾಕತ್ತೀನಿ ಅಂದೆ. "ತುಂಬಿಸಿ ಯಾರಿಗಿ ಕೊಡ್ತೀರಿ?" ಅಂದ್ರು. ಎಷ್ಟು ಸರಿಯಾದ ಪ್ರಶ್ನೆ!

ವಿಜ್ಞಾನಿಗಳು ಈ ಸದ್ದಿಲ್ಲದ ಜಾಗದ ಬೆಲೆ ಯಾವಾಗಲೋ ತಿಳಿದಿದ್ರು. 1976ರಿಂದ ಗೌರಿಬಿದನೂರಿನ ಹತ್ತಿರ ಗುಡ್ಡಗಳ ನಡುವಿನ ಬಯಲಿನಲ್ಲಿ ರೇಡಿಯೋ ದೂರದರ್ಶಕ ಇದೆ, ಬೆಂಗಳೂರಿನೊಳಗೆ ಅಲ್ಲ. ನಮ್ಮಂಥವರಿಗೆ ದೂರದರ್ಶಕ ಬೇಡ, ಒಂದು ಬಾಳೆ ತೋಟ ಸಾಕು.

ಈಗಲೇ ಯಾಕೆ ಅಂದ್ರೆ, ಸಿಗ್ನಲ್‌ಗಳು ಸಾಯೋವಾಗ ಯಾರಿಗೂ ಹೇಳಿ ಸಾಯಲ್ಲ. ಆಕಾಶವಾಣಿಯ ರಾಷ್ಟ್ರೀಯ ವಾಹಿನಿ ನೆನಪಿದೆಯಾ? 1988ರಲ್ಲಿ ಶುರುವಾಗಿ ರಾತ್ರಿಯಿಡೀ ಬರ್ತಿತ್ತು, ನಾಗಪುರದ 1566 ಕಿಲೋಹರ್ಟ್ಸ್, 1000 ಕಿಲೋವ್ಯಾಟ್ ಪ್ರೇಷಕ. ನಮ್ಮ ಕಡೆ ರಾತ್ರಿ ಅದರಷ್ಟು ಜೋರಾಗಿ ಬರ್ತಿದ್ದದ್ದು ಕಡಿಮೆ. 2018ರ ಡಿಸೆಂಬರ್‌ನಲ್ಲಿ ಅದನ್ನ ಮುಚ್ಚಿದ್ರು. ಹವ್ಯಾಸಿಗಳ ಅಚ್ಚುಮೆಚ್ಚಿನ ನೋವಾ ಹವಾಮಾನ ಉಪಗ್ರಹಗಳದ್ದೂ ಅದೇ ಕಥೆ. 15, 18 ಮತ್ತು 19, ಮೂರೂ 137 ಮೆಗಾಹರ್ಟ್ಸ್‌ನಲ್ಲಿ ಟಿಕ್ಕು ಟಿಕ್ಕು ಅಂತ ಮೋಡಗಳ ಚಿತ್ರ ಕಳಿಸ್ತಿದ್ವು. ಎರಡು ತುಂಡು ಕಂಬಿ ಮತ್ತು ಬಿಟ್ಟಿ ಪ್ರೋಗ್ರಾಮ್ ಇದ್ರೆ ಯಾವ ಹುಡುಗನಾದ್ರೂ ಅರಬ್ಬಿ ಸಮುದ್ರದ ಮೋಡವನ್ನ ತನ್ನ ಪರದೆ ಮೇಲೆ ಇಳಿಸ್ಕೋಬಹುದಿತ್ತು. 2025ರ ಜೂನ್‌ನಲ್ಲಿ ಒಂದು, ಆಗಸ್ಟ್‌ನಲ್ಲಿ ಇನ್ನೆರಡು ನಿವೃತ್ತಿ ಆದ್ವು. ರಷ್ಯಾದ ಮೆಟಿಯೋರ್ ಉಪಗ್ರಹಗಳು ಡಿಜಿಟಲ್ ಚಿತ್ರ ಕಳಿಸ್ತಿವೆ, ಸರಿ, ಆದ್ರೆ ಆ ಟಿಕ್ಕು ಟಿಕ್ಕು ಇನ್ನಿಲ್ಲ. ಆ ಸದ್ದನ್ನ ರೆಕಾರ್ಡ್ ಮಾಡಿಟ್ಟವರ ಹತ್ತಿರ ಮಾತ್ರ ಅದಿದೆ.

ನಮ್ಮ ಜಿಲ್ಲೆಯ ಉದಾಹರಣೆ ಇನ್ನೂ ದೊಡ್ಡದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ 'ಸೈಟ್' ಅನ್ನೋ ಉಪಗ್ರಹ ಟಿವಿ ಪ್ರಯೋಗ ನಡೀತು. ನಾಸಾದ ಎಟಿಎಸ್-6 ಉಪಗ್ರಹ, ಇಸ್ರೋದವರ ನೆಲದ ವ್ಯವಸ್ಥೆ, 6 ರಾಜ್ಯಗಳ 2400 ಹಳ್ಳಿಗಳು. ಕರ್ನಾಟಕದಲ್ಲಿ ಅದು ಬಂದದ್ದು ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಿಂದ 860 ಮೆಗಾಹರ್ಟ್ಸ್‌ನಲ್ಲಿ ಬೀಳ್ತಿದ್ದ ಸಿಗ್ನಲನ್ನ ಕೋಳಿ ಬಲೆಯಂಥ ಜಾಲರಿಯ ಹತ್ತಡಿ ಡಿಶ್ಶು ಹಿಡೀತಿತ್ತು. ಚಿತ್ರ ಒಂದೇ, ದನಿ ಮಾತ್ರ ಎರಡು: ತೆಲುಗು ಹಳ್ಳಿಗೆ ತೆಲುಗು, ನಮ್ಮ ಹಳ್ಳಿಗೆ ಕನ್ನಡ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಸೈಟ್ ಮುಗಿದ ಮೇಲೆ 1977ರಲ್ಲೇ ಗುಲ್ಬರ್ಗಕ್ಕೆ ನೆಲದ ಪ್ರೇಷಕ ಬಂತು. ಟಿವಿ ವಿಷಯದಲ್ಲಿ ರಾಜಧಾನಿಗಿಂತ ನಾವು ಮುಂದೆ ಇದ್ವಿ ಅಂತ ಈಗ ಹೇಳಿದ್ರೆ ಬೆಂಗಳೂರಿನ ಗೆಳೆಯರು ನಗ್ತಾರೆ!

ನೋಡಿ, 860 ಅನ್ನೋದು ನಮ್ಮ ಕಡ್ಡಿಯ 24ರಿಂದ 1766ರ ನಡುವೇನೇ ಬರುತ್ತೆ. ಅಂದಿನ ಆ ಸಿಗ್ನಲ್ ಈಗೇನಾದ್ರೂ ಬಂದಿದ್ರೆ ಅದರ ಪಟ್ಟಿಯ ಒಂದು ಚೂರನ್ನಾದ್ರೂ ತೋಟದಲ್ಲಿ ಕೂತು ಹಿಡಿದಿಡಬಹುದಿತ್ತು. ನಮ್ಮ ಕಡೆ ಹಳ್ಳಿ ಹಿರಿಯರನ್ನ ಕೇಳಿದ್ರೆ ಡಿಶ್ಶಿನ ನೆನಪಿದೆ, ಪಂಚಾಯ್ತಿ ಕಟ್ಟೆ ಮುಂದೆ ಜನ ಕೂಡ್ತಿದ್ದದ್ದು ನೆನಪಿದೆ. ದನಿ ನಾನು ಕೇಳಿದ ಯಾರ ಹತ್ತಿರವೂ ಇಲ್ಲ. ಇರೋದಕ್ಕೆ ಸಾಧ್ಯವೂ ಇರಲಿಲ್ಲ ಬಿಡಿ, ಹಳ್ಳಿಯಲ್ಲಿ ರೆಕಾರ್ಡ್ ಮಾಡೋ ಸಾಮಾನು ಎಲ್ಲಿತ್ತು? ನಮಗೆ ಆ ನೆಪ ಇಲ್ಲ.

"ಆಕಾಶವಾಣಿಯವರ ಹತ್ತಿರವೇ ಭಂಡಾರ ಇದೆಯಲ್ಲ?" ಇದೆ, ಇರಲಿ. ಯಾವುದೇ ಭಂಡಾರಕ್ಕೆ ಹೋಗೋದು ಆರಿಸಿದ್ದು. ದೊಡ್ಡ ಗಾಯಕರು, ದೊಡ್ಡ ಭಾಷಣ. ಕೃಷಿರಂಗದಲ್ಲಿ ತೊಗರಿ ಕಾಯಿಕೊರಕದ ಬಗ್ಗೆ ಮಾತಾಡಿದ ರೈತ, ಮಾರುಕಟ್ಟೆ ಧಾರಣೆ ಓದಿದ ದನಿ, ಎರಡು ಕಾರ್ಯಕ್ರಮದ ನಡುವೆ ಉದ್ಘೋಷಕಿ ಕೆಮ್ಮಿ "ಕ್ಷಮಿಸಿ" ಅಂದದ್ದು, ಇವೆಲ್ಲ ಯಾರ ಭಂಡಾರಕ್ಕೂ ಸೇರೋಲ್ಲ. ಕಲಬುರಗಿ ಆಕಾಶವಾಣಿ 1966ರಿಂದ ಇದೆ. ಅಷ್ಟು ವರ್ಷದಲ್ಲಿ ಅಲ್ಲಿ ಹಾದುಹೋದ ನಮ್ಮ ಸೀಮೆಯ ಕನ್ನಡ ಎಷ್ಟು ಥರದ್ದು! ಪ್ರತಿ ನವೆಂಬರ್ ಬಂತೆಂದ್ರೆ ನಾವೆಲ್ಲ ಒಂದು ಪೋಸ್ಟ್ ಹಾಕ್ತೀವಿ, 1935ರಲ್ಲಿ ಮೈಸೂರಿನ ಗೋಪಾಲಸ್ವಾಮಿಯವರು 'ಆಕಾಶವಾಣಿ' ಅನ್ನೋ ಹೆಸರಲ್ಲಿ ಬಾನುಲಿ ಶುರು ಮಾಡಿದ್ರು ಅಂತ. ಹೆಮ್ಮೆ ಪಡೋಣ. ಆದ್ರೆ ಹೋದ ತಿಂಗಳಿನ ಒಂದು ಮಾಮೂಲಿ ಮಂಗಳವಾರದ ಸಂಜೆ ನಮ್ಮ ಬಾನುಲಿ ಹೇಗಿತ್ತು ಅಂತ ಕೇಳಿದ್ರೆ, ತೋರಿಸೋಕೆ ನಮ್ಮಲ್ಲಿ ಏನಿದೆ?

ಮೊಬೈಲ್ ಆಪ್‌ನಲ್ಲಿ ಬರುತ್ತಲ್ಲ ಅನ್ನೋರಿಗೆ: ಆಪ್‌ನಲ್ಲಿ ಬರೋದು ಸ್ಟುಡಿಯೋದ ದನಿ. ಗಾಳಿಯಲ್ಲಿ ಬರೋದು ಆ ಸಂಜೆಯ ಆಕಾಶ. ಎರಡೂ ಬೇಕು.

ಯಾವ ಪ್ರೋಗ್ರಾಮ್ ಅನ್ನೋದರ ಬಗ್ಗೆ ನನಗೆ ಸ್ವಲ್ಪ ಹಟ ಇದೆ. ವಿಂಡೋಸ್‌ನಲ್ಲಿ ಎಸ್‌ಡಿಆರ್ ಶಾರ್ಪ್ ಜನಪ್ರಿಯ, ಬಳಸೋಕೂ ಸಲೀಸು, ಬಿಟ್ಟಿ ಬೇರೆ. ಆದ್ರೆ ಮೊದಲು ಮೂಲ ತೆರೆದಿದ್ದ ಆ ಪ್ರೋಗ್ರಾಮನ್ನ ಆಮೇಲೆ ಮುಚ್ಚಿದ್ರು. ಬಿಟ್ಟಿ ಬೇರೆ, ಮುಕ್ತ ಬೇರೆ. ಇದನ್ನ ಕನ್ನಡ ಬ್ಲಾಗಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯೂನಿಕೋಡ್‌ಗೆ ಮುಂಚೆ ಒಂದೊಂದು ಸಾಫ್ಟ್‌ವೇರಿನ ಫಾಂಟಿನಲ್ಲಿ ಕುಟ್ಟಿದ ಫೈಲುಗಳನ್ನ ಇವತ್ತು ತೆರೆದ್ರೆ ಏನು ಕಾಣುತ್ತೆ ಅಂತ ನಮಗೆಲ್ಲ ಗೊತ್ತು. ಅಕ್ಷರ ಅಲ್ಲ, ಬರೀ ಕಸ. ಇಪ್ಪತ್ತು ವರ್ಷ ಇಟ್ಟುಕೊಳ್ಳೋ ಫೈಲನ್ನ ಯಾವನದೋ ಮರ್ಜಿಯ ಮೇಲೆ ಬಿಡಬಾರದು. ಗ್ನೂ ರೇಡಿಯೋ, ಜಿಕ್ಯೂಆರ್‌ಎಕ್ಸ್, ಎಸ್‌ಡಿಆರ್ ಪ್ಲಸ್ ಪ್ಲಸ್, ಇವೆಲ್ಲ ಮೂಲ ತೆರೆದವು. ಕಚ್ಚಾ ಅಂಕಿಗಳ ಫೈಲಿನ ಜೊತೆಗೆ ಒಂದು ಸಣ್ಣ ವಿವರದ ಫೈಲ್ ಇಡೋ 'ಸಿಗ್‌ಎಂಎಫ್' ಅನ್ನೋ ಮುಕ್ತ ಪದ್ಧತಿಯೂ ಇದೆ. ಯಾವ ದಿನ, ಯಾವ ಹೊತ್ತು, ಯಾವ ಊರು, ಎಂಥ ಆಂಟೆನಾ, ಎಲ್ಲಾ ಅದರಲ್ಲಿ. ಅದು ಸಾದಾ ಪಠ್ಯ, ಹಾಗಾಗಿ ವಿವರಣೆಯನ್ನ ಅಚ್ಚ ಯೂನಿಕೋಡ್ ಕನ್ನಡದಲ್ಲೇ ಬರೀಬಹುದು. ನಾನು ಬರೆದಿದ್ದೀನಿ: "ಕಮಲಾಪುರ, ಬಾಳೆ ತೋಟ, 20 ಮೀಟರ್ ವೈರು, 6.10ಕ್ಕೆ ಕರೆಂಟ್ ಹೋಯಿತು."

ಕಾನೂನಿನ ವಿಷಯ ಎರಡು ಮಾತು. ಹಿಡಿಯೋದು ಜನರಿಗೆ ಅಂತಲೇ ಬಿತ್ತರಿಸಿದ್ದನ್ನ ಮಾತ್ರ. ಪೊಲೀಸರದ್ದು, ಸೇನೆಯದ್ದು, ಮಂದಿಯ ಖಾಸಗಿ ಮಾತು, ಇವುಗಳ ತಂಟೆ ಬೇಡವೇ ಬೇಡ. ಬೇರೆಯವರ ಸಂದೇಶವನ್ನ ಅಕ್ರಮವಾಗಿ ಕದ್ದು ಕೇಳೋದು 2023ರ ದೂರಸಂಪರ್ಕ ಕಾಯ್ದೆ ಪ್ರಕಾರ ಅಪರಾಧ, ಮತ್ತೆ ಅದು ನೋಡೋಕೂ ಚೆನ್ನಾಗಿರೋಲ್ಲ. ಇನ್ನು ಕೃತಿಸ್ವಾಮ್ಯ. ಖಾಸಗಿ ಬಳಕೆಗೆ ಪ್ರಸಾರವನ್ನ ಧ್ವನಿಮುದ್ರಿಸ್ಕೊಳ್ಳೋಕೆ 1957ರ ಕಾಯ್ದೆ ಅಡ್ಡಿ ಮಾಡೋಲ್ಲ. ಪ್ರಸಾರದ ಮೇಲಿನ ಹಕ್ಕು ಇರೋದು 25 ವರ್ಷ, ಒಳಗಿನ ಹಾಡು ನಾಟಕಗಳ ಹಕ್ಕು ಅದಕ್ಕಿಂತ ಹೆಚ್ಚು ಕಾಲ. ಹಾಗಾಗಿ ಇವತ್ತೇ ನೆಟ್ಟಿಗೆ ಏರಿಸಿ ಹಂಚಿ ಅಂತ ನಾನು ಹೇಳ್ತಿಲ್ಲ. ಇಟ್ಟುಕೊಳ್ಳಿ, ಜೋಪಾನ ಮಾಡಿ, ಎರಡು ಡಿಸ್ಕಿನಲ್ಲಿ ಇಡಿ. ಯಾರಿಗೆ ಕೊಡ್ತೀರಿ ಅಂತ ಆ ಹಿರಿಯರು ಕೇಳಿದ್ದಕ್ಕೆ ನನ್ನ ಹತ್ತಿರ ಈಗಿರೋ ಉತ್ತರ ಇಷ್ಟೇ: ನಮ್ಮ ಮಕ್ಕಳ ವಯಸ್ಸಿನ ಯಾವುದಾದ್ರೂ ಭಾಷಾ ಸಂಶೋಧಕರಿಗೆ, ಅವರು ಕೇಳಿದಾಗ.

ಒಬ್ಬನೇ ಒಂದು ಊರಿಂದ ಮಾಡಿದ್ರೆ ಅದು ಒಂದೇ ಊರಿನ ಆಕಾಶ. ಅದಕ್ಕೇ ಒಂದು ಪ್ರಸ್ತಾಪ. ಬರೋ ರಾಜ್ಯೋತ್ಸವದ ದಿನ, ನವೆಂಬರ್ 1, ಸಂಜೆ 5.30ರಿಂದ 6.30, ಹೊತ್ತು ಮುಳುಗೋ ಸಮಯ. ಕಾಸರಗೋಡಿನವರು ಅಲ್ಲಿಂದ, ಸೊಲ್ಲಾಪುರದವರು ಅಲ್ಲಿಂದ, ಶಿರಸಿ, ಚಾಮರಾಜನಗರ, ಬಳ್ಳಾರಿ, ಯಾರ್ಯಾರಿಗೆ ಎಲ್ಲೆಲ್ಲಿ ತೋಟ ಗದ್ದೆ ಇದೆಯೋ ಅಲ್ಲಿಂದ. ಊರ ಹೊರಗೆ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ. ನಡು ಫ್ರೀಕ್ವೆನ್ಸಿ 1066.5 ಕಿಲೋಹರ್ಟ್ಸ್, ಸ್ಯಾಂಪಲ್ ದರ 2.048, ಗೇನ್ ತೀರಾ ಏರಿಸಬೇಡಿ. ನಾನು ಕಮಲಾಪುರದಲ್ಲಿ ಇರ್ತೀನಿ. ಡಾಂಗಲ್ ಇನ್ನೂ ಕೊಳ್ಳದವರಿಗೆ ಟೈಮ್ ಇದೆ, ಡ್ರಾಯರಿನಲ್ಲಿ ಇಟ್ಟವರು ಹುಡುಕಿ ತೆಗೀರಿ. ಎಲ್ಲರೂ ಡಿಸ್ಕಿನಲ್ಲಿ 15 ಜಿಬಿ ಜಾಗ ಮಾತ್ರ ಮೊದಲೇ ಖಾಲಿ ಮಾಡ್ಕೊಂಡಿರಿ, ನಡುವೆ ತುಂಬಿ ನಿಂತುಬಿಟ್ರೆ ಕಷ್ಟ.